ಎಡಗಾಲಿನ ಪೈಪು

ಹೊಗೆ ಸೇದುವ ಮರದ ಪೈಪು, ಹಲ್ಲಿನ ಡಾಕ್ಟರ ಕೈಯಿಂದ ಪೋಸ್ಟ್‌ಮಾಸ್ಟರ ಕೈಗೆ ಹೋಯಿತು. ಮರಗಾಲಕ್ಕ ತುಟಿ ಕಚ್ಚಿಕೊಂಡು ಕೂತಳು. ಪೈಪು ಸುತ್ತು ಹೊಡೆಯುವಾಗ ಅದನ್ನು ಮಾಡಿದವರು ಬಾಯಿ ಬಿಡುವಂತಿಲ್ಲ, ಅದು ಪೈಪಿನಂಗಡಿಯಲ್ಲಿ ಶನಿವಾರ ಸೇರುವ ಆ ಬೆಂಚಿನ ಕಾನೂನು. ಮರದಲ್ಲಿ ಗಂಟಿತ್ತು, ಬೆಳಕು ಸಾಲಲಿಲ್ಲ, ಅರ ಮೊಂಡಾಗಿತ್ತು, ಯಾವ ಸಬೂಬೂ ನಡೆಯುವುದಿಲ್ಲ. ಹೊಗಳುವುದಕ್ಕೂ ಯಾರಿಗೂ ಅನುಮತಿ ಇಲ್ಲ. ಹೊಗಳಿಕೆ ಬೇಕಾದವರು ನೆಂಟರ ಮನೆಗೆ ಹೋಗಬಹುದು ಎಂದು ಅಂಗಡಿಯ ಯಜಮಾನರು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಡಾಕ್ಟರದ್ದು ಆಗಲೇ ಮುಗಿದಿತ್ತು. ಅರ್ಧ ಊರಿನ ಹಲ್ಲು ಕಿತ್ತು ನಿವೃತ್ತರಾದ ಮನುಷ್ಯ. ಯಾವ ಪೈಪನ್ನಾದರೂ ಮೊದಲು ಬಾಯಿಗಿಟ್ಟು, ಕಣ್ಣು ಮುಚ್ಚಿ, ದವಡೆಯನ್ನು ಅತ್ತಿತ್ತ ಆಡಿಸಿಯೇ ತೀರ್ಪು ಕೊಡುವುದು. “ತುದಿ ದಪ್ಪ ಆಯ್ತಮ್ಮ. ಹಲ್ಲು ಕಚ್ಚಿ ಹಿಡೀಬೇಕಾಗುತ್ತೆ. ಸಂಜೆ ಹೊತ್ತಿಗೆ ದವಡೆ ನೋವು ಅಂತ ನನ್ನಂಥೋರ ಹತ್ರ ಓಡಿ ಬರ್ತಾರೆ,” ಎಂದು ಕೊಂಬಿನ ಬಾಯಿತುಂಡಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದಿದ್ದರು.

ಪೋಸ್ಟ್‌ಮಾಸ್ಟರು ಜನ್ಮದಲ್ಲಿ ಹೊಗೆ ಸೇದಿದವರಲ್ಲ. ಅವರು ಬರುತ್ತಿದ್ದದ್ದು ಮಾತಿಗೆ. ಆದರೆ ಜೀವಮಾನವೆಲ್ಲ ಕಾಗದಗಳಿಗೆ ನೆಟ್ಟಗೆ ಠಸ್ಸೆ ಒತ್ತಿದ ಕಣ್ಣು, ಸೊಟ್ಟಗಿರುವುದು ಮೈಲಿ ದೂರದಿಂದ ಕಾಣುತ್ತದೆ. ಪೈಪನ್ನು ಮೂಗಿನ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

“ಇದರ ಜೋಡಿ ಎಲ್ಲಮ್ಮಾ?”

ಮರಗಾಲಕ್ಕ ಪಿಟ್ಟೆನ್ನಲಿಲ್ಲ.

“ಅಲ್ಲ, ಎಡಗಾಲಿನದ್ದೇನೋ ತಂದಿದ್ದೀಯ. ಬಲಗಾಲಿನದ್ದು ಮನೇಲಿ ಮರೆತು ಬಂದ್ಯಾ?”

ಡಾಕ್ಟರು ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಯಜಮಾನರು ನಗಲಿಲ್ಲ. ಅವರು ಪೈಪನ್ನು ನೋಡುತ್ತಲೂ ಇರಲಿಲ್ಲ. ಕಿಟಕಿಯಾಚೆ ಬೀದಿಯನ್ನು ನೋಡುತ್ತ, ತಮ್ಮ ಸರದಿಗೆ ಬಂದ ಪೈಪನ್ನು ಬಲಗೈಯೊಳಗೆ ನಿಧಾನವಾಗಿ ತಿರುಗಿಸುತ್ತಿದ್ದರು. ಹೆಬ್ಬೆರಳು ಬಟ್ಟಲಿನ ಅಂಚನ್ನು ಸವರಿ, ಮೈಮೇಲೆ ಇಳಿದು, ಬಟ್ಟಲು ಕತ್ತಿಗೆ ಸೇರುವ ಜಾಗದ ಬಲಮಗ್ಗುಲಿಗೆ ಬಂದು ನಿಂತಿತು. ಬೇರೆಲ್ಲೂ ನಿಲ್ಲಲಿಲ್ಲ, ಅಲ್ಲೇ.

“ಇಲ್ಲಿ,” ಎಂದರು. “ಮತ್ತೆ ಇಲ್ಲೇ.”

ಪೆನ್ಸಿಲ್ ತೆಗೆದುಕೊಂಡು ಆ ಜಾಗದಲ್ಲಿ ಒಂದು ಸಣ್ಣ ಸೊನ್ನೆ ಬರೆದು ಅವಳ ಕೈಗಿಟ್ಟರು. ಸುತ್ತು ಮುಗಿಯಿತು.

ಮರಗಾಲಕ್ಕ ಎಂಬ ಹೆಸರು ಅವಳಿಗೆ ಈ ಬೆಂಚೇ ಇಟ್ಟದ್ದು, ಅದಕ್ಕೆ ಕಾರಣವೂ ಇತ್ತು. ಮದುವೆಗೆ ಮುಂಚಿನಿಂದ ತಲೆಗೂದಲು ಬೆಳ್ಳಗಾಗುವವರೆಗೆ ಅವಳು ಬೂಟು ಕಾರ್ಖಾನೆಯಲ್ಲಿ ಅಚ್ಚು ಕೆತ್ತುತ್ತಿದ್ದಳು. ಬೂಟು ಹೊಲಿಯುವಾಗ ತೊಗಲಿನ ಒಳಗೆ ಇಡುತ್ತಾರಲ್ಲ, ಆ ಮರದ ಪಾದ. ಅಲ್ಲಿ ಒಬ್ಬರು ಒಂದೇ ಕಾಲು ಕೆತ್ತಬೇಕು. ಕೈಗೆ ಒಂದು ವಾರೆ ಕೂತರೆ ಅದು ಬದಲಾಗಬಾರದು ಎಂಬ ಲೆಕ್ಕ. ಅವಳಿಗೆ ಬಂದದ್ದು ಎಡಗಾಲು. ಎದುರು ಬೆಂಚಿನಲ್ಲಿ ಒಬ್ಬ ಮುದುಕ ಬಲಗಾಲು ಕೆತ್ತುತ್ತಿದ್ದ. ಇಬ್ಬರ ಕೆಲಸವೂ ಸಂಜೆ ಪಕ್ಕದ ಕೋಣೆಯಲ್ಲಿ ಜೋಡಿಯಾಗುತ್ತಿತ್ತು. ಎಡಗಾಲೆಂದರೆ ಎಡಗಡೆ ಉಬ್ಬು, ಬಲಗಡೆ ಒಳತಗ್ಗು. ಆ ಉಬ್ಬು, ಆ ತಗ್ಗು ಅವಳ ಮಣಿಕಟ್ಟಿನಲ್ಲಿ ಮನೆ ಮಾಡಿಕೊಂಡಿದ್ದವು. ಪ್ಲಾಸ್ಟಿಕ್ ಅಚ್ಚು ಬಂತು, ಕಾರ್ಖಾನೆ ಬಾಗಿಲು ಹಾಕಿತು, ಅವಳು ಈ ಪೈಪಿನ ಅಂಗಡಿಗೆ ಬಂದು ಬಾಯಿತುಂಡು ಕೂರಿಸುವ, ಮೆರುಗು ಹಾಕುವ ಕೆಲಸಕ್ಕೆ ಸೇರಿದಳು. ಆಮೇಲೆ ಒಂದು ದಿನ ಧೈರ್ಯ ಮಾಡಿ, ನಾನೂ ಒಂದು ಪೈಪು ಕೆತ್ತಲಾ ಎಂದು ಕೇಳಿದಳು. ಕೆತ್ತಿದಳು. ಅದಕ್ಕೆ ಎಡಗಡೆ ಉಬ್ಬಿತ್ತು, ಬಲಗಡೆ ತಗ್ಗಿತ್ತು.

ಬೇರೆಯವರಾಗಿದ್ದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಹಟಕ್ಕೆ ಬಿದ್ದಳು. ಆ ಹಟ ಯಾಕೆಂದು ಅವಳ ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬೂಟು ತಯಾರಾದ ಮೇಲೆ ಅಚ್ಚನ್ನು ಒಳಗಿನಿಂದ ಎಳೆದುಬಿಡುತ್ತಾರೆ. ಬೂಟು ಪೇಟೆಗೆ ಹೋಗುತ್ತದೆ, ಅಚ್ಚು ವಾಪಸ್ ಕಪಾಟಿಗೆ. ಇಡೀ ಊರು ಅವಳು ಕೆತ್ತಿದ ಪಾದದ ಆಕಾರ ಮೆಟ್ಟಿಕೊಂಡು ಓಡಾಡಿತು, ಅವಳು ಮಾಡಿದ ವಸ್ತುವನ್ನು ಕಣ್ಣಿನಿಂದ ಕಂಡವರು ಒಬ್ಬರೂ ಇಲ್ಲ. ಈ ಅಂಗಡಿಯಲ್ಲಿ ಹಾಗಲ್ಲ. ಇಲ್ಲಿ ಪಾಸಾದ ಪೈಪಿನ ಕತ್ತಿನ ಕೆಳಗೆ ಉಕ್ಕಿನ ಮುದ್ರೆಯಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಾರೆ, ಒಂದು ಪುಟ್ಟ ಕೊಡೆ ಮೂಡುತ್ತದೆ. ಯಜಮಾನರ ಅಪ್ಪ ಕೊಡೆಗಳಿಗೆ ಮರದ ಹಿಡಿ ಮಾಡುತ್ತಿದ್ದ ಕಾಲದ ಮುದ್ರೆ ಅದು. ಕೊಡೆಯ ಪಕ್ಕದಲ್ಲಿ ಕೆತ್ತಿದವರ ಒಂದು ಅಕ್ಷರ. ತನ್ನ ಅಕ್ಷರ ಬಿದ್ದ ಒಂದು ಪೈಪು ಯಾರದೋ ಕೈಯಲ್ಲಿ ಹಗಲು ಬೆಳಕಿನಲ್ಲಿ ಇರಬೇಕು. ಒಂದೇ ಒಂದು ಸಾಕು. ಅದು ಅವಳ ಆಸೆ.

ಮುದ್ರೆ ಬೀಳಬೇಕಾದರೆ ಪೈಪಿನ ಮೇಲಿನ ಗುರುತುಗಳೆಲ್ಲ ಅಳಿಯಬೇಕು. ಅದಕ್ಕೂ ಕಾನೂನಿತ್ತು: ಗುರುತು ಹಾಕಿದವರೇ ಅದನ್ನು ಅಳಿಸಬೇಕು, ಅದೂ ರಬ್ಬರಿನಿಂದಲ್ಲ, ಹೆಬ್ಬೆರಳಿನಿಂದ. ತಪ್ಪು ತಿದ್ದಿ ತಂದಾಗ ಹೆಬ್ಬೆರಳಿಟ್ಟು ನೋಡುತ್ತಾರೆ. ಸರಿ ಕಂಡರೆ ಉಜ್ಜಿ ಅಳಿಸುತ್ತಾರೆ. ಸರಿ ಕಾಣದಿದ್ದರೆ ಸುಮ್ಮನೆ ವಾಪಸ್ ಕೊಡುತ್ತಾರೆ. ತಿದ್ದಲಾಗದ ಪೈಪುಗಳು ಗುರುತಿನ ಸಮೇತ ಬೆಂಚಿನ ಕೆಳಗಿನ ಪೆಟ್ಟಿಗೆಗೆ ಹೋಗುತ್ತವೆ. ಆ ಪೆಟ್ಟಿಗೆಯಲ್ಲಿ ಈಗ ಬರೀ ಮರಗಾಲಕ್ಕನ ಪೈಪುಗಳೇ ಬಿದ್ದುಕೊಂಡಿದ್ದವು.

ಅವಳು ಅಂದು ಸಂಜೆ ಮುಖ ಗಂಟು ಹಾಕಿಕೊಂಡು ಗಂಡನ ಕ್ಷೌರದಂಗಡಿಗೆ ಹೋದಳು. ಗಿರಾಕಿಗಳು ಇರಲಿಲ್ಲ. ಅವನು ಕತ್ತರಿಗಳನ್ನು ಒರೆಸುತ್ತಿದ್ದ.

“ಏನಂತೆ ಇವತ್ತು? ಮತ್ತೆ ಸೊನ್ನೇನಾ?” ಎಂದ.

“ನಗಬೇಡ, ಮೊದಲೇ ತಲೆ ಕೆಟ್ಟಿದೆ. ನೋಡು, ನೀನೇ ನೋಡು. ಎಲ್ಲಿದೆ ಸೊಟ್ಟ? ನನ್ನ ಕಣ್ಣಿಗೆ ನೆಟ್ಟಗೇ ಕಾಣುತ್ತೆ.”

ಅವನು ಪೈಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ನನ್ನ ಕಣ್ಣಿಗೂ ನೆಟ್ಟಗೇ ಇದೆಯಲ್ಲೇ.”

“ನಿನಗೇನು ಗೊತ್ತಾಗುತ್ತೆ ಬಿಡು.”

“ಅಯ್ಯೋ, ಕೇಳಿದ್ದೂ ನೀನೇ, ಬಯ್ಯೋದೂ ನೀನೇ. ತಡಿ ಸ್ವಲ್ಪ.” ಅವನು ಅವಳ ಭುಜ ಹಿಡಿದು ಗಿರಾಕಿಯ ಕುರ್ಚಿಯ ಮೇಲೆ ಕೂರಿಸಿ, ಪೈಪನ್ನು ಕನ್ನಡಿಯ ಮುಂದೆ ಹಿಡಿದ. “ಎರಡು ಕಡೆ ಕಿವಿಗೂದಲು ಸಮ ಇದೆಯಾ ಅಂತ ನಾನು ತಲೆ ನೋಡಿ ಹೇಳ್ತೀನಾ? ಕನ್ನಡಿ ನೋಡಿ ಹೇಳ್ತೀನಿ. ನೋಡ್ತಾ ನೋಡ್ತಾ ಕಣ್ಣಿಗೆ ಅಭ್ಯಾಸ ಆಗಿಬಿಡುತ್ತೆ. ಕನ್ನಡಿ ಹಂಗಲ್ಲ, ಮುಲಾಜಿಲ್ಲ ಅದಕ್ಕೆ.”

ಮರಗಾಲಕ್ಕ ಕನ್ನಡಿ ನೋಡಿದಳು. ಕನ್ನಡಿಯೊಳಗಿನ ಪೈಪು ಒಂದು ಮಗ್ಗುಲಿಗೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಅಷ್ಟು ದಿನ ಆ ಮೂವರು ಮುದುಕರು ನೋಡುತ್ತಿದ್ದದ್ದು ಇದನ್ನು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

“ಥೂ! ಇಷ್ಟು ಸೊಟ್ಟ ಇದೆಯಾ? ಇದನ್ನ ಹಿಡ್ಕೊಂಡು ಹೋಗಿ ಎಲ್ಲರ ಮುಂದೆ ಕೂತಿದ್ನಾ ನಾನು?”

“ಕೂತಿದ್ದೆ,” ಎಂದ ಗಂಡ ಖುಷಿಯಿಂದ.

ಮಾರನೆಯ ದಿನ ಅವಳು ಅವನ ಅಂಗಡಿಯ ಒಂದು ಹಳೆಯ ಕೈಗನ್ನಡಿಯನ್ನು ತಂದು ತನ್ನ ಕೆಲಸದ ಮೇಜಿಗೆ ಒರಗಿಸಿದಳು. ಹತ್ತು ಸಲ ಅರ ಎಳೆದರೆ ಒಮ್ಮೆ ಕನ್ನಡಿ. ಪೋಸ್ಟ್‌ಮಾಸ್ಟರಿಗೆ ಇಷ್ಟು ಸಾಕಾಯಿತು. “ಏನಮ್ಮಾ, ಪೈಪು ನೋಡೋಕೆ ಗಂಡಿನ ಕಡೆಯೋರು ಬರ್ತಾರಾ ಇವತ್ತು? ಸಿಂಗಾರ ಜೋರಾಗಿದೆ,” ಎಂದು ಬಂದಾಗಲೆಲ್ಲ ಕಾಡಿದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಎಡಗಡೆ ಉಬ್ಬು ಕಂಡಲ್ಲಿ ತೆಗೆದಳು, ಬಲಗಡೆ ಅರ ತಾನಾಗಿಯೇ ಒಳಕ್ಕೆ ಜಾರುವಾಗ ಬಿಗಿಹಿಡಿದಳು. ಅದು ಹೇಳಿದಷ್ಟು ಸುಲಭವಲ್ಲ. ನಡೆಯುವವರಿಗೆ ಯಾರಾದರೂ ಇವತ್ತಿನಿಂದ ಬೇರೆ ಥರ ನಡಿ ಎಂದರೆ ಹೇಗಿರುತ್ತದೆ? ಮಣಿಕಟ್ಟು ನೋಯಿತು, ಮರ ಹಾಳಾಯಿತು, ಒಂದೆರಡು ಪೈಪು ಪೆಟ್ಟಿಗೆ ಸೇರಿದವು. ಆದರೂ ಸೊನ್ನೆಗಳು ಚಿಕ್ಕವಾಗುತ್ತ ಬಂದವು.

ಒಂದು ಶನಿವಾರ ಡಾಕ್ಟರು ಪೈಪನ್ನು ಬಾಯಿಗಿಟ್ಟು, ದವಡೆ ಆಡಿಸಿ, ತಮ್ಮ ಗೀಟನ್ನು ಉಜ್ಜಿ ಅಳಿಸಿದರು. ಪೋಸ್ಟ್‌ಮಾಸ್ಟರು ಒಂದು ಕಣ್ಣು ಮುಚ್ಚಿ ನೋಡಿ, “ಛೇ, ಜೋಡೀನೇ ಬೇಕಾಗಿಲ್ಲ ಇದಕ್ಕೆ. ಇನ್ನು ನಾನು ಏನಂತ ಮಾತಾಡಲಿ?” ಎಂದು ಬೇಜಾರು ಮಾಡಿಕೊಂಡರು. ಯಜಮಾನರು ಬಟ್ಟಲಿನ ಅಂಚಿನಲ್ಲಿ ತಾವು ಹಾಕಿದ್ದ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದರು. ಬೆರಳ ತುದಿ ಬೂದು ಬಣ್ಣವಾದದ್ದನ್ನು ಮರಗಾಲಕ್ಕ ಆಸೆಗಣ್ಣಿನಿಂದ ನೋಡಿದಳು. ಆಮೇಲೆ ಹೆಬ್ಬೆರಳು ಕೆಳಗಿಳಿದು, ಕತ್ತಿನ ಬಲಮಗ್ಗುಲಿಗೆ ಬಂದು, ನಿಂತಿತು. ಬಹಳ ಹೊತ್ತು ನಿಂತಿತು. ಅಲ್ಲಿದ್ದ ಸೊನ್ನೆಯನ್ನು ಅವರು ಅಳಿಸಲಿಲ್ಲ.

“ಇನ್ನೊಂದು ಕೂದಲೆಳೆ,” ಎಂದರು. “ಅಷ್ಟೇ. ಮುಂದಿನ ಶನಿವಾರ ತಾ.”

ಅವರ ಬಾಯಿಂದ ‘ಅಷ್ಟೇ’ ಎನ್ನುವ ಮಾತು ಅವಳು ಕೇಳಿದ್ದು ಅದೇ ಮೊದಲು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಗುತ್ತಿದ್ದಳು, ಎದುರಿಗೆ ಬಂದವರೆಲ್ಲ ತಿರುಗಿ ನೋಡಿದರು.

ಮುಂದಿನ ಶನಿವಾರ ಬರುವ ಮೊದಲೇ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಬಲಕ್ಕೆ ಜೋತುಬಿತ್ತು. ಮಾತು ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ತಂದು ಅಂಗಡಿಯ ಮೇಲಿನ ಕೋಣೆಯಲ್ಲಿ, ಬೀದಿ ಕಾಣುವ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಕೆಳಗೆ ಮಗಳು ಗಲ್ಲಾ ನೋಡಿಕೊಂಡಳು. ಶನಿವಾರ ಡಾಕ್ಟರು ಮತ್ತು ಪೋಸ್ಟ್‌ಮಾಸ್ಟರು ಬಂದು ಬೆಂಚಿನ ಮೇಲೆ ಸುಮ್ಮನೆ ಕೂತು, ಕಾಫಿ ಕುಡಿದು, ಎದ್ದು ಹೋದರು. ಪೋಸ್ಟ್‌ಮಾಸ್ಟರು ಒಂದು ಜೋಕೂ ಹೇಳಲಿಲ್ಲ.

ಮಗಳು ಒಳ್ಳೆಯವಳು. ಮರಗಾಲಕ್ಕನ ಮೇಜಿನ ಮೇಲಿದ್ದ ಪೈಪನ್ನು, ಅದರ ಮೇಲೆ ಉಳಿದಿದ್ದ ಒಂದೇ ಒಂದು ಸೊನ್ನೆಯನ್ನು ಅವಳು ದಿನಾ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಡ್ರಾಯರಿನಿಂದ ಮುದ್ರೆ, ಸುತ್ತಿಗೆ ತಂದು ಇಟ್ಟಳು.

“ಅಕ್ಕಾ, ಕೊಡಿ ಇಲ್ಲಿ. ನಾನೇ ಹಾಕಿಬಿಡ್ತೀನಿ.”

“ಬೇಡಮ್ಮಾ.”

“ಅಪ್ಪನೇ ಅಷ್ಟೇ ಅಂದಿದ್ರಲ್ವಾ? ನೀವು ಆ ಕೂದಲೆಳೆ ತೆಗೆದೂ ಆಯ್ತು. ಕನ್ನಡೀಲಿ ನಾನೂ ನೋಡಿದೆ. ಎಷ್ಟು ಚೆನ್ನಾಗಿದೆ!”

“ಚೆನ್ನಾಗಿದೆ ಅಂತ ಈ ಬೆಂಚಿನ ಹತ್ರ ಯಾರೂ ಹೇಳಬಾರದು,” ಎಂದು ಮರಗಾಲಕ್ಕ ನಗಲು ನೋಡಿದಳು. ಆಗಲಿಲ್ಲ. “ಅವರು ಹಾಕಿದ ಗುರುತಮ್ಮ ಇದು. ಅವರೇ ಅಳಿಸಬೇಕು. ನೀನು ಮುದ್ರೆ ಹಾಕಿಕೊಟ್ರೆ ಯಾರೂ ಕೇಳಲ್ಲ, ನಿಜ. ನನಗೆ ಗೊತ್ತಿರುತ್ತಲ್ಲ.”

ಮಗಳ ಮುಖ ಸಣ್ಣದಾಯಿತು. “ಹಂಗಾದ್ರೆ ಮೇಲೆ ಹೋಗಿ ತೋರಿಸಿ. ಎಡಗೈ ಚೆನ್ನಾಗೇ ಇದೆ. ತಲೇನೂ ಸರಿಯಾಗಿದೆ, ಎಲ್ಲಾ ತಿಳಿಯುತ್ತೆ ಅಪ್ಪಂಗೆ.”

ಮರಗಾಲಕ್ಕ ಕೈ ತೊಳೆದು, ಸೆರಗಿನಿಂದ ಪೈಪನ್ನು ಮತ್ತೊಮ್ಮೆ ಒರೆಸಿ, ಮೆಟ್ಟಿಲು ಹತ್ತಿದಳು. ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬಲಗೈಯನ್ನು ಯಾರೋ ತೊಡೆಯ ಮೇಲೆ ಎತ್ತಿಟ್ಟಿದ್ದರು. ಗೋಡೆಯ ಸ್ಟ್ಯಾಂಡಿನಲ್ಲಿ ಅವರ ಸ್ವಂತ ಪೈಪುಗಳು ಸಾಲಾಗಿದ್ದವು. ಅವರ ಬಾಯಲ್ಲಿ ಪೈಪಿಲ್ಲದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಹೊಗೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಖಾಲಿ ಪೈಪು ಹಲ್ಲಿನ ನಡುವೆ ಇದ್ದೇ ಇರುತ್ತಿತ್ತು. ಅದಿಲ್ಲದ ಮುಖ ಅವಳಿಗೆ ಬೇರೆ ಯಾರದೋ ಮುಖದಂತೆ ಕಂಡಿತು.

“ಯಜಮಾನ್ರೇ, ಆ ಕೂದಲೆಳೆ ತೆಗೆದಿದ್ದೀನಿ,” ಎಂದಳು.

ಅವರು ತಿರುಗಿ ನೋಡಿದರು. ಅವಳ ಗುರುತು ಸಿಕ್ಕಿತು. ಕಣ್ಣು ಚುರುಕಾದವು. ಎಡಗೈ ಚಾಚಿದರು. ಅವಳು ಪೈಪನ್ನು ಆ ಕೈಯಲ್ಲಿಟ್ಟಳು. ಬೆರಳುಗಳು ಅದನ್ನು ಸುತ್ತಿಕೊಂಡವು, ಹೆಬ್ಬೆರಳು ಕತ್ತಿನ ಕಡೆ ಹೊರಟಿತು. ನೆಟ್ಟಗೆ, ನುಣ್ಣಗೆ, ಎರಡು ಮಗ್ಗುಲೂ ಒಂದೇ ಸಮನಾಗಿದ್ದ ಪೈಪು ಆ ಅಭ್ಯಾಸವಿಲ್ಲದ ಕೈಯಲ್ಲಿ ಒಮ್ಮೆ ಹೊರಳಿತು. ಹೆಬ್ಬೆರಳು ಒತ್ತಿ ಹಿಡಿಯಲು ಹೋಯಿತು. ಒತ್ತಲು ಜಾಗ ಸಿಗಲಿಲ್ಲ. ಪೈಪು ಜಾರಿ ನೆಲಕ್ಕೆ ಬಿದ್ದು, ಕತ್ತಿನ ಹತ್ತಿರ ಟಕ್ಕೆಂದು ಮುರಿಯಿತು.

ಇಬ್ಬರೂ ಅದನ್ನೇ ನೋಡಿದರು. ಯಜಮಾನರ ಗಂಟಲಿನಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಆಮೇಲೆ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಮರಗಾಲಕ್ಕನಿಗೆ ಏನು ಮಾಡಬೇಕೋ ತೋಚಲಿಲ್ಲ. “ಹೋಗ್ಲಿ ಬಿಡಿ, ಮರ ತಾನೆ, ಇನ್ನೊಂದು ಮಾಡಿದ್ರಾಯ್ತು,” ಎಂದು ಏನೇನೋ ಬಡಬಡಿಸಿ, ಚೂರುಗಳನ್ನು ಆರಿಸಿಕೊಂಡು ಹೊರಗೆ ಬಂದಳು.

ಮೆಟ್ಟಿಲಲ್ಲಿ ಮಗಳು ನಿಂತಿದ್ದಳು. ಸದ್ದು ಅವಳಿಗೂ ಕೇಳಿಸಿತ್ತು.

“ದಿನಾ ಇದೇ ಅಕ್ಕಾ. ಅವರದ್ದೂ ಒಂದೊಂದೇ ಬೀಳ್ತಾ ಇದ್ವು. ಖಾಲಿ ಪೈಪು ಇಟ್ಕೊಳ್ಳಿ, ಏನೂ ಆಗಲ್ಲ ಅಂತ ಆಸ್ಪತ್ರೆಯೋರೇ ಹೇಳಿದ್ದಾರೆ. ಆದ್ರೆ ಬಾಯಿ ಒಂದೇ ಕಡೆ ಹಿಡಿಯುತ್ತೆ, ಕೈಲಿ ಆನಿಸಿಕೊಳ್ಳೋಣ ಅಂದ್ರೆ ಕೈ ಜಾರುತ್ತೆ. ಈಗೀಗ ಮುಟ್ಟೋದೇ ಬಿಟ್ಟಿದ್ದಾರೆ. ನಿಮ್ಮದು ಅಂತ ಕೈ ಚಾಚಿದ್ರು ನೋಡಿ.” ಅವಳ ಕಣ್ಣು ತುಂಬಿದವು. “ತಪ್ಪಾಯ್ತು, ನಾನೇ ಕಳಿಸಿದೆ ನಿಮ್ಮನ್ನ.”

ಮರಗಾಲಕ್ಕ ಅವಳ ತಲೆ ಸವರಿದಳು. ಬೇರೇನು ಮಾಡುವುದು?

ಆ ಸಂಜೆ ಅವಳು ಗಂಡನ ಅಂಗಡಿಯಲ್ಲಿ ಗಿರಾಕಿಯ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು ಚೆನ್ನಾಗಿ ಅತ್ತಳು. ಮುರಿದ ಪೈಪಿಗಾಗಿ ಅತ್ತಳೋ, ಬೀಳದೆ ಹೋದ ಮುದ್ರೆಗಾಗಿಯೋ, ಗೋಡೆ ಕಡೆ ತಿರುಗಿದ ಆ ಮುಖಕ್ಕಾಗಿಯೋ, ಎಲ್ಲಕ್ಕೂ ಇರಬೇಕು. ಗಂಡ ಬಾಗಿಲಿನ ಪರದೆ ಎಳೆದು ಸುಮ್ಮನೆ ನೆಲ ಗುಡಿಸುತ್ತಿದ್ದ. ಅತ್ತು ಹಗುರಾಗಿ, ಮೂಗು ಒರೆಸಿಕೊಂಡು, ಅವಳು ಕನ್ನಡಿ ನೋಡಿದಳು. ಕಣ್ಣು ಊದಿಕೊಂಡಿದ್ದ ಒಬ್ಬ ಹೆಂಗಸು ಪೈಪಿನ ತುಂಡನ್ನು ಹಿಡಿದು ಕೂತಿದ್ದಳು. ಅವಳು ಹಿಡಿದಿದ್ದು ಬಲಗೈಯಲ್ಲಿ. ಕನ್ನಡಿಯೊಳಗಿನವಳು ಹಿಡಿದಿದ್ದು ಎಡಗೈಯಲ್ಲಿ.

ಮರಗಾಲಕ್ಕ ಅಳು ಮರೆತು ಮುಂದಕ್ಕೆ ಬಾಗಿದಳು. ಕನ್ನಡಿಯವಳ ಅಂಗೈ ಬಟ್ಟಲಿನ ಎಡಮೈಗೆ ಆತುಕೊಂಡಿತ್ತು, ಆದರೆ ತುಂಬಿರಲಿಲ್ಲ, ನಡುವೆ ಟೊಳ್ಳಿತ್ತು. ಹೆಬ್ಬೆರಳು ಕತ್ತಿನ ಬಲಮಗ್ಗುಲಿಗೆ ಬಂದು, ಕೂರಲು ಜಾಗವಿಲ್ಲದೆ ಜಾರುತ್ತಿತ್ತು. ಎಡಗಡೆ ಒಂದಿಷ್ಟು ಉಬ್ಬಿದ್ದರೆ. ಬಲಗಡೆ ಒಂದಿಷ್ಟು ತಗ್ಗಿದ್ದರೆ.

“ಏಯ್,” ಎಂದಳು.

“ಏನೇ?”

“ಪೈಪಿನಂಗಡಿಗೆ ಬೀಗ ಹಾಕಿರ್ತಾರಾ ಇಷ್ಟೊತ್ತಿಗೆ?”

“ಇನ್ನೂ ಬೆಳಕಿದೆಯಲ್ಲ. ಯಾಕೆ?”

ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬೆಂಚಿನ ಕೆಳಗಿನ ಪೆಟ್ಟಿಗೆಯನ್ನು ನೆಲದ ಮೇಲೆ ಸುರುವಿದಳು. ಅವಳ ಸೊಟ್ಟ ಸಂತಾನವೆಲ್ಲ ಉರುಳಿ ಬಂದವು, ಒಂದೊಂದರ ಮೇಲೂ ಗೀಟು, ಅಡ್ಡಗೆರೆ, ಸೊನ್ನೆ. ಎಲ್ಲಕ್ಕೂ ಕೆಳಗೆ ಇದ್ದದ್ದು ಅವಳು ಮೊಟ್ಟಮೊದಲು ಕೆತ್ತಿದ ಪೈಪು. ಅದರಷ್ಟು ಸೊಟ್ಟ ಬೇರೊಂದಿಲ್ಲ. ಕತ್ತಿನ ಬಲಮಗ್ಗುಲಿನಲ್ಲಿ ಯಜಮಾನರ ಸೊನ್ನೆ ಹಾಗೇ ಇತ್ತು, ಉಳಿದವುಗಳಿಗಿಂತ ದೊಡ್ಡದು, ಸಿಟ್ಟಿನಿಂದ ಒತ್ತಿ ಬರೆದದ್ದು. ಎಡಗೈಯಲ್ಲಿ ಎತ್ತಿಕೊಂಡಳು. ಉಬ್ಬು ಅಂಗೈಯನ್ನು ತುಂಬಿತು. ಹೆಬ್ಬೆರಳು ತಾನಾಗಿಯೇ ಆ ಸೊನ್ನೆಯ ಒಳಕ್ಕೆ ಹೋಗಿ ಕೂತಿತು. ಕೈ ಕೆಳಗೆ ಮಾಡಿ ಅಲ್ಲಾಡಿಸಿದಳು, ಜೋರಾಗಿ ಅಲ್ಲಾಡಿಸಿದಳು. ಪೈಪು ಕದಲಲಿಲ್ಲ.

“ಹಾಳಾದ್ದೇ,” ಎಂದಳು ಪ್ರೀತಿಯಿಂದ.

ಹಾಗೆಂದು ಅದು ಇದ್ದ ಹಾಗೇ ಕೊಡುವಂಥದ್ದೇನೂ ಆಗಿರಲಿಲ್ಲ. ಕೈಗೆ ಒದಗಿತು ಎಂದ ಮಾತ್ರಕ್ಕೆ ಎಲ್ಲ ತಪ್ಪೂ ಮಾಫಿಯಾಗುವುದಿಲ್ಲ. ಬಟ್ಟಲಿನ ಗೋಡೆ ಒಂದು ಕಡೆ ದಪ್ಪ, ತೂಕ ಮುಂದಕ್ಕೆ ಎಳೆಯುತ್ತಿತ್ತು. ಬಾಯಿತುಂಡಂತೂ ದೇವರಿಗೇ ಪ್ರೀತಿ. ಅವಳು ಡಾಕ್ಟರ ಮನೆಗೆ ಹೋಗಿ, ಎಡಗಡೆಯ ಹಲ್ಲುಗಳಿಂದ ಮಾತ್ರ ಹಿಡಿಯುವವರಿಗೆ ತುದಿ ಹೇಗಿರಬೇಕು ಎಂದು ಕೇಳಿದಳು. ಅವರು ಯಾರಿಗೆಂದು ಕೇಳಲಿಲ್ಲ. ತಮ್ಮ ಹಳೆಯ ಪೆಟ್ಟಿಗೆಯಿಂದ ಮೇಣ ತೆಗೆದು, ಬಿಸಿ ಮಾಡಿ, ಮೇಲಿನ ಕೋಣೆಗೆ ಹೋಗಿ ಗೆಳೆಯನ ಬಾಯಿ ತೆರೆಸಿ ಅಚ್ಚು ತೆಗೆದುಕೊಂಡು ಬಂದರು. “ಎಷ್ಟೋ ವರ್ಷ ಆಗಿತ್ತು ಈ ಬಾಯೊಳಗೆ ಕೈ ಹಾಕಿ. ಕಚ್ಚಿದ, ಪುಣ್ಯಾತ್ಮ. ಬಲ ಇದೆ ಇನ್ನೂ,” ಎಂದು ಬೆರಳು ತೋರಿಸಿದರು.

ಮರಗಾಲಕ್ಕ ಬಟ್ಟಲನ್ನು ಹಗುರ ಮಾಡಿದಳು. ಎಡಗಡೆಯ ಉಬ್ಬನ್ನು ಒಂದು ಕಡೆ ತಗ್ಗಿಸಿ ಇನ್ನೊಂದು ಕಡೆ ಬಿಟ್ಟಳು, ಬೆರಳುಗಳ ನಾಲ್ಕು ಜಾಗ ನೋಡಿಕೊಂಡಳು. ಕೊಂಬಿನ ಹೊಸ ಬಾಯಿತುಂಡನ್ನು ಎಡಕ್ಕೆ ಬಾಗಿಸಿ ಕೂರಿಸಿದಳು. ಈ ಸಲ ಕನ್ನಡಿಯಲ್ಲಿ ಪೈಪನ್ನು ಮಾತ್ರ ನೋಡಲಿಲ್ಲ; ಪೈಪು ಹಿಡಿದ ಕೈಯನ್ನು ನೋಡಿದಳು. ಮರಳು ಕಾಗದದಿಂದ ಮೈಯೆಲ್ಲ ಉಜ್ಜಿದಳು, ಮೇಣ ಹಚ್ಚಿ ಮೆರುಗು ತಂದಳು. ಆ ಸೊನ್ನೆಯನ್ನು, ಅದರ ಸುತ್ತ ಒಂದು ಉಗುರಿನಗಲ ಜಾಗವನ್ನು ಮುಟ್ಟಲಿಲ್ಲ. ಅದು ಅವಳು ಅಳಿಸುವಂಥದ್ದಲ್ಲ.

ಶನಿವಾರ ಬೆಂಚು ಮೇಲಿನ ಕೋಣೆಯಲ್ಲಿ ಕೂಡಿತು. ಮಗಳು ಕೆಳಗಿನಿಂದ ಎರಡು ಸ್ಟೂಲು ತಂದು ಹಾಕಿದಳು. ಯಜಮಾನರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು, ಬಂದವರನ್ನು ತಿರುಗಿಯೂ ನೋಡಲಿಲ್ಲ. ಮರಗಾಲಕ್ಕ ಪೈಪನ್ನು ಡಾಕ್ಟರ ಕೈಗೆ ಕೊಟ್ಟು ತುಟಿ ಕಚ್ಚಿಕೊಂಡು ಕೂತಳು.

ಡಾಕ್ಟರು ಅದನ್ನು ಬಾಯಿಗಿಡಲಿಲ್ಲ. ತುದಿಯನ್ನು ಬೆರಳಿನಿಂದ ಸವರಿ ನೋಡಿ, ತಲೆಯಾಡಿಸಿ, ಪೋಸ್ಟ್‌ಮಾಸ್ಟರಿಗೆ ಕೊಟ್ಟರು. ಪೋಸ್ಟ್‌ಮಾಸ್ಟರು ಒಂದು ಕಣ್ಣು ಮುಚ್ಚಿ ನೋಡಿದರು. ಹುಬ್ಬು ಮೇಲೆ ಹೋಯಿತು.

“ಏನಮ್ಮಾ ಇದು? ಮತ್ತೆ ಎಡಗಾಲೇ!”

ಮರಗಾಲಕ್ಕ ಪಿಟ್ಟೆನ್ನಲಿಲ್ಲ. ಕಾನೂನು ಕಾನೂನೇ.

“ಇಷ್ಟು ದಿನ ತಿದ್ದಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ! ಯಜಮಾನ್ರೇ, ನೋಡಿ ಇಲ್ಲಿ, ನಿಮ್ಮ ಶಿಷ್ಯೆ ಏನು ತಂದಿದ್ದಾಳೆ!”

ಯಜಮಾನರು ತಿರುಗಿದರು. ಬಯ್ಯಬೇಕಾದ ಕೆಲಸ ಬಂದಿದೆ ಎಂದಾಗ ಅವರ ಮುಖದಲ್ಲಿ ಬರುತ್ತಿದ್ದ ಹಳೆಯ ಗಡಸು ಅರ್ಧ ಮುಖದಲ್ಲಿ ಮಾತ್ರ ಬಂತು. ಪೋಸ್ಟ್‌ಮಾಸ್ಟರು ಚಾಚಿದ ಪೈಪನ್ನು ನೋಡಿದರು. ನೆಲವನ್ನು ನೋಡಿದರು. ಕೈ ಚಾಚಲಿಲ್ಲ.

ಮರಗಾಲಕ್ಕ ತನ್ನ ಉಗುರುಗಳನ್ನು ಅಂಗೈಗೆ ಒತ್ತಿಕೊಂಡಳು. ‘ತಗೊಳ್ಳಿ, ಬೀಳಲ್ಲ’ ಎಂಬ ಒಂದು ಮಾತು ಗಂಟಲಿನವರೆಗೂ ಬಂದು ನಿಂತಿತ್ತು, ನುಂಗಿಕೊಂಡಳು.

ಬಹಳ ಹೊತ್ತಿನ ಮೇಲೆ ಎಡಗೈ ಮೇಲೆದ್ದಿತು. ಪೋಸ್ಟ್‌ಮಾಸ್ಟರು ಪೈಪನ್ನು ಅದರೊಳಗೆ ಇಟ್ಟು, ಕೆಳಗೆ ತಮ್ಮ ಕೈಯನ್ನು ಆಸರೆಗೆ ಹಿಡಿದರು. ಬೆರಳುಗಳು ಉಬ್ಬನ್ನು ಸುತ್ತಿಕೊಂಡವು. ಹೆಬ್ಬೆರಳು ಬಟ್ಟಲಿನ ಅಂಚು ಸವರಿತು, ಮೈಮೇಲೆ ಇಳಿಯಿತು, ಕತ್ತಿನ ಬಲಮಗ್ಗುಲಿಗೆ ಬಂದು ತಗ್ಗಿನೊಳಗೆ ಕೂತಿತು. ಪೋಸ್ಟ್‌ಮಾಸ್ಟರು ಮೆಲ್ಲಗೆ ತಮ್ಮ ಕೈ ತೆಗೆದರು. ಪೈಪು ಅಲ್ಲೇ ಇತ್ತು. ಯಜಮಾನರು ಅದನ್ನು ಒಮ್ಮೆ ಮೇಲೆತ್ತಿ, ಒಮ್ಮೆ ಕೆಳಗಿಳಿಸಿದರು. ಆಗಲೂ ಅಲ್ಲೇ ಇತ್ತು.

ಅವರು ಹೆಬ್ಬೆರಳನ್ನು ಕೊಂಚ ಸರಿಸಿ ನೋಡಿದರು. ಕೆಳಗೆ ಸೊನ್ನೆ ಇತ್ತು. ತಮ್ಮದೇ ಬರಹ. ಯಾವಾಗ ಬರೆದದ್ದು, ಯಾವ ಪೈಪಿನ ಮೇಲೆ ಬರೆದದ್ದು ಎನ್ನುವುದು ಅವರಿಗೆ ನೆನಪಾದದ್ದು ಕಣ್ಣಿನಲ್ಲಿ ಕಂಡಿತು. ಮರಗಾಲಕ್ಕನನ್ನು ನೋಡಿದರು. ಅವಳೂ ನೋಡಿದಳು. ಆಮೇಲೆ ಅವರು ಹೆಬ್ಬೆರಳನ್ನು ವಾಪಸ್ ಸೊನ್ನೆಯ ಮೇಲಿಟ್ಟು ಉಜ್ಜತೊಡಗಿದರು. ಅಭ್ಯಾಸವಿಲ್ಲದ ಕೈ, ನಿಧಾನವಾಯಿತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಮಗಳು ದಡದಡನೆ ಕೆಳಗೆ ಓಡಿ, ಮುದ್ರೆ, ಸುತ್ತಿಗೆ, ಮರಗಾಲಕ್ಕನ ಅಕ್ಷರದ ಮೊಳೆ, ಎಲ್ಲವನ್ನೂ ಮಡಿಲಲ್ಲಿ ಹಾಕಿಕೊಂಡು ಬಂದಳು.

“ಕೊಡಿ ಅಪ್ಪಾ, ಮುದ್ರೆ ಹಾಕಿಬಿಡೋಣ. ಒಂದೇ ಒಂದು ನಿಮಿಷ.”

ಯಜಮಾನರು ಕೊಡಲಿಲ್ಲ.

“ಅಪ್ಪಾ, ಒಂದು ಏಟು ಅಷ್ಟೇ. ತಕ್ಷಣ ವಾಪಸ್ ಕೊಡ್ತೀನಿ. ಅಕ್ಕ ಎಷ್ಟು ದಿನದಿಂದ ಕಾಯ್ತಿದ್ದಾರೆ!”

ಅವರು ಪೈಪನ್ನು ಬಾಯಿಯ ಎಡಮೂಲೆಗೆ ಸಿಕ್ಕಿಸಿ, ಕೈಯನ್ನು ಅದರ ಮೇಲೇ ಇಟ್ಟುಕೊಂಡು, ಕಿಟಕಿಯ ಕಡೆ ತಿರುಗಿ ಬೀದಿ ನೋಡತೊಡಗಿದರು. ಮಗಳು ಸುತ್ತಿಗೆ ಹಿಡಿದುಕೊಂಡು ಮರಗಾಲಕ್ಕನ ಮುಖ ನೋಡಿದಳು.

ಸುತ್ತು ಮುಗಿದಿತ್ತು, ಈಗ ಮಾತಾಡಬಹುದಿತ್ತು. “ಇರ್ಲಿ ಬಿಡಮ್ಮ,” ಎಂದಳು ಮರಗಾಲಕ್ಕ. “ಹಿಡ್ಕೊಂಡಿರಲಿ.”

ಕಿಟಕಿಯ ಬಿಸಿಲು ಯಜಮಾನರ ಕೈಮೇಲೆ ಬಿದ್ದಿತ್ತು. ಹೆಬ್ಬೆರಳಿನ ತುದಿ ಪೆನ್ಸಿಲಿನ ಮಸಿಯಿಂದ ಬೂದುಬಣ್ಣವಾಗಿತ್ತು.